ನಾಲ್ಕಾಣೆ ನೋವು

ಇಂಚರಮ್ಮ ಬಲಗೈಯನ್ನು ಪಕ್ಕಕ್ಕೆ ಚಾಚಿ ಹೆಗಲಿನ ಮಟ್ಟದ ಕಡೆಗೆ ಎತ್ತುವಷ್ಟರಲ್ಲಿ, ಕೋಣೆಯ ಇನ್ನೊಂದು ತುದಿಯಲ್ಲಿ ಕುರ್ಚಿಯ ಮೇಲೆ ಸುಮ್ಮನೆ ಕುಳಿತಿದ್ದ ವ್ಯಾಯಾಮ ಚಿಕಿತ್ಸಕಿ ಭಾನುಮತಿ "ಅಯ್ಯಮ್ಮಾ" ಎಂದು ತನ್ನ ಕಂಕುಳನ್ನು ಒತ್ತಿ ಹಿಡಿದುಕೊಂಡಳು. ಅವಳನ್ನು ಯಾರೂ ಮುಟ್ಟಿರಲಿಲ್ಲ, ಅವಳು ಕೈಯನ್ನು ಅಲ್ಲಾಡಿಸಿಯೂ ಇರಲಿಲ್ಲ. ಆದರೂ ಎದೆಯ ಪಕ್ಕದಿಂದ ಮೊಣಕೈವರೆಗೆ ಯಾರೋ ಒಳಗಿನಿಂದ ದಾರ ಹಿಡಿದು ಜಗ್ಗಿದ ಹಾಗಾಯಿತು. ಅದು ಇಂಚರಮ್ಮನ ನೋವು. ಪೂರ್ತಿಯಲ್ಲ, ಅದರ ಕಾಲು ಭಾಗ.

ಗಾಜಿನ ಆಚೆ ನಿಂತಿದ್ದ ಡಾಕ್ಟರ್ ರಂಗಧಾಮನಿಗೆ ಕುಣಿಯುವಷ್ಟು ಖುಷಿಯಾಯಿತು. ಪಾಪ, ಭಾನುಮತಿ ನರಳಿದಳೆಂದು ಖುಷಿಪಡುವ ಮನುಷ್ಯನಲ್ಲ ಅವನು. ವರ್ಷಗಟ್ಟಲೆ ಊಟ ನಿದ್ದೆ ಬಿಟ್ಟು ಹೊಲಿಸಿದ ಅಂಗಿ ಕೊನೆಗೂ ಕೆಲಸ ಮಾಡುತ್ತಿದೆಯಲ್ಲ ಎಂಬ ಸಮಾಧಾನ ಅಷ್ಟೆ. ಆದರೆ ಅವನ ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಇಂಚರಮ್ಮ ಥಟ್ಟನೆ ಕೈ ಇಳಿಸಿ, ಭಾನುಮತಿಯ ಹತ್ತಿರ ಹೋಗಿ ಅವಳ ಹೆಗಲು ಸವರುತ್ತಾ ನಿಂತುಬಿಟ್ಟಳು.

"ಸಾಕು ಬಿಡವ್ವ," ಎಂದಳು. "ನಂದೇನೋ ಹಣೆಬರಹ. ನಿಂಗ್ಯಾಕೆ ಈ ಸಂಕಟ?"

ಇದು ನಡೆದದ್ದು ಹೆಸರುಗಳೆಲ್ಲ ತಲೆಕೆಳಗಾದ ಕಾಲದಲ್ಲಿ. ಆಗ ಇಂಚರ, ಸಿಂಚನ, ಪ್ರೀತಮ್ ಎಂದರೆ ಮಂಡಿ ಹಿಡಿದುಕೊಂಡು ಏಳುವ ಹಿರಿಯರು. ರಂಗಧಾಮ, ಭಾನುಮತಿ ಎಂದರೆ ಹೊಸ ತಲೆಮಾರು. ಕ್ಯಾನ್ಸರಿನ ಹೆಸರು ಕೇಳಿ ಬಾಗಿಲು ಹಾಕಿಕೊಂಡು ಅಳುವ ಕಾಲವೂ ಮುಗಿದಿತ್ತು. ಬೇಗ ಪತ್ತೆಯಾದರೆ ಬಹುಪಾಲು ಜನ ಬದುಕುತ್ತಿದ್ದರು. ತೊಂದರೆಯೆಲ್ಲ ಬದುಕಿದ ಮೇಲಿನದು. ಗಡ್ಡೆಯನ್ನು ಕತ್ತರಿಸಿ ತೆಗೆದ ಜಾಗದಲ್ಲಿ ಗಾಯದ ಕಲೆ ಒಳಗೊಳಗೇ ಗಟ್ಟಿಯಾಗುತ್ತದೆ. ವಿಕಿರಣ ಬಿದ್ದ ಮಾಂಸಖಂಡ ಬಿಗಿದುಕೊಳ್ಳುತ್ತದೆ. ಔಷಧಿಯ ಕಾವಿಗೆ ಸಿಕ್ಕಿದ ನರಗಳು ಕಾಯಿಲೆ ಹೋದಮೇಲೂ ಸುಮ್ಮನಿರದೆ ದೂರು ಹೇಳುತ್ತಲೇ ಇರುತ್ತವೆ. ರೋಗಿಯನ್ನು ಮನೆಗೆ ಕಳಿಸಿದ ಆಸ್ಪತ್ರೆ ಕೈ ತೊಳೆದುಕೊಳ್ಳುತ್ತದೆ, ನೋವು ಮಾತ್ರ ರೋಗಿಯ ಜತೆಯಲ್ಲೇ ಮನೆಗೆ ಬಂದು ಬಿಡಾರ ಹೂಡುತ್ತದೆ.

ಇದಕ್ಕೆ ಮದ್ದು ಇಲ್ಲವೆಂದಲ್ಲ. ವ್ಯಾಯಾಮವೇ ಮದ್ದು ಎಂಬುದು ವೈದ್ಯರಿಗೆ ಹಿಂದಿನಿಂದಲೂ ಗೊತ್ತಿತ್ತು. ದಿನದಿನವೂ ಸ್ವಲ್ಪ ಸ್ವಲ್ಪ ಕೈಯಾಡಿಸಿದರೆ ಬಿಗಿ ಸಡಿಲುತ್ತದೆ, ನರಗಳು ತಣ್ಣಗಾಗುತ್ತವೆ. ಆದರೆ ಎಷ್ಟು ಆಡಿಸಬೇಕು? ಕಡಿಮೆಯಾದರೆ ಉಪಯೋಗವಿಲ್ಲ, ಹೆಚ್ಚಾದರೆ ಇನ್ನೊಂದು ವಾರ ಹಾಸಿಗೆ. ಆ ಗಡಿ ಎಲ್ಲಿದೆ ಎಂದು ತಿಳಿಯಬೇಕಾದರೆ ರೋಗಿಯನ್ನೇ ಕೇಳಬೇಕು. ನಮ್ಮ ಜನರನ್ನು ಕೇಳಿ ನೋಡಿ. ನೋವಿದೆಯಾ ಎಂದರೆ ಏನಿಲ್ಲ ಎನ್ನುತ್ತಾರೆ. ಎಷ್ಟಿದೆ ಎಂದರೆ ಅಷ್ಟೇನಿಲ್ಲ ಎನ್ನುತ್ತಾರೆ. ತಡೆಯೋಕಾಗುತ್ತಾ ಎಂದರೆ ಪರವಾಗಿಲ್ಲ ಎಂದು ಹಲ್ಲು ಕಚ್ಚುತ್ತಾರೆ. ಈ ಮೂರು ಉತ್ತರಗಳನ್ನು ಇಟ್ಟುಕೊಂಡು ಯಾವ ವಿಜ್ಞಾನಿ ತಾನೇ ಏನು ಮಾಡಿಯಾನು?

ಅದಕ್ಕೇ ರಂಗಧಾಮ ಕೇಳುವ ಗೊಡವೆಯನ್ನೇ ಬಿಟ್ಟ. ತುಮಕೂರಿನ ಹೊರವಲಯದ ತನ್ನ ಚೇತರಿಕೆ ಕೇಂದ್ರದಲ್ಲಿ ಕೂತು ಅವನು ಕಂಡುಹಿಡಿದದ್ದು 'ಹಂಚಂಗಿ'. ಹಂಚಿಕೊಳ್ಳುವ ಅಂಗಿ. ನೋಡಲು ಸಾದಾ ಬನಿಯನ್ನಿನಂತಿದ್ದು, ಯಾರ ಮೈಗಾದರೂ ಹಿಗ್ಗಿ ಕುಗ್ಗಿ ಕೂರುತ್ತಿತ್ತು. ಹಂಚಂಗಿ ಯಾವಾಗಲೂ ಜೋಡಿ. ರೋಗಿ ತೊಡುವುದು ಕೊಡಂಗಿ. ಅದರ ಎಳೆಗಳು ನರದಲ್ಲಿ ಓಡುವ ನೋವಿನ ಸುದ್ದಿಯನ್ನು ಓದುತ್ತವೆ. ಚಿಕಿತ್ಸಕ ತೊಡುವುದು ಪಡೆಯಂಗಿ. ಅದು ಆ ಸುದ್ದಿಯನ್ನು ಚಿಕಿತ್ಸಕನ ಮೈಯ ಅದೇ ಜಾಗಕ್ಕೆ ಮುಟ್ಟಿಸುತ್ತದೆ. ಯಾವ ನೋವು ಬಿಗಿ ಸಡಿಲುವಾಗಿನದು, ಯಾವುದು ಇನ್ನು ನಿಲ್ಲಿಸು ಎನ್ನುವಂಥದು ಎಂಬುದು ಕಿವಿಯಲ್ಲಿ ಕೇಳಿದರೆ ತಿಳಿಯುವುದಿಲ್ಲ, ಮೈಯಲ್ಲಿ ಕಂಡರೆ ಥಟ್ಟನೆ ತಿಳಿಯುತ್ತದೆ ಎಂಬುದೇ ರಂಗಧಾಮನ ಲೆಕ್ಕಾಚಾರ. ಪೂರ್ತಿ ನೋವು ಯಾಕೆ, ನೂರಕ್ಕೆ ಇಪ್ಪತ್ತೈದು ಪಾಲು ಸಾಕು ಎಂದು ಅವನು ಇಂಚರಮ್ಮನಿಗೆ ವಿವರಿಸಿದ್ದ.

"ಅಂದ್ರೆ ನಾಲ್ಕಾಣೆ ಪಾಲು," ಎಂದಿದ್ದಳು ಇಂಚರಮ್ಮ. ಆಣೆಯ ಮುಖ ಅವಳೂ ನೋಡಿರಲಿಲ್ಲ, ಅವಳ ಅಮ್ಮನೂ ನೋಡಿರಲಿಲ್ಲ. ಆದರೆ ಹೂವಿನ ಮಾರುಕಟ್ಟೆಯ ಮಾತಿನಲ್ಲಿ ಆಣೆ ಇನ್ನೂ ಚಲಾವಣೆಯಲ್ಲಿತ್ತು.

ಹೂವಿನ ಮಾರುಕಟ್ಟೆ ಎಂದೆನಲ್ಲ, ಇಂಚರಮ್ಮನ ಚಿಂತೆಯೆಲ್ಲ ಇದ್ದದ್ದು ಅಲ್ಲಿಯೇ. ಆ ಹೊತ್ತಿಗೆ ಹೂವು ಬಿಡಿಸುವುದಕ್ಕೆ ಯಂತ್ರ ಬಂದಿತ್ತು, ಕಟ್ಟುವುದಕ್ಕೂ ಬಂದಿತ್ತು. ಅಳೆಯುವುದಕ್ಕೆ ಮಾತ್ರ ಯಾವ ಯಂತ್ರಕ್ಕೂ ಒಳಗೆ ಕಾಲಿಡಲು ಆಗಿರಲಿಲ್ಲ. ಅಧಿಕಾರಿಗಳು ಬಂದು ಮೀಟರಿನಲ್ಲೇ ಅಳೆಯಿರಿ ಎಂದು ಆಜ್ಞೆ ಮಾಡಿ ಹೋಗುತ್ತಿದ್ದರು. ಮಾರುಕಟ್ಟೆ ತಲೆಯಾಡಿಸಿ ಮತ್ತೆ ಕೈಯಲ್ಲೇ ಅಳೆಯುತ್ತಿತ್ತು. ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ. ಎರಡೂ ಕೈಗಳನ್ನು ಅಗಲಕ್ಕೆ ಚಾಚಿದರೆ ಈ ಬೆರಳಿನಿಂದ ಆ ಬೆರಳಿಗೆ ಒಂದು ಮಾರು. ಅಳೆದ ಮೇಲೆ ಮೇಲಿಷ್ಟು ಕೊಸರು ಹಾಕಿ ಕೊಟ್ಟರೇ ಅದು ವ್ಯಾಪಾರ. ಇಂಚರಮ್ಮ ಉದ್ದ ಆಳು, ಕೈಯೂ ಉದ್ದ. ಅವಳ ಮಾರು ಇಡೀ ಮಾರುಕಟ್ಟೆಗೆ ದೊಡ್ಡದು. ಅವಳು ಎರಡೂ ಕೈ ಚಾಚಿ, ಎದೆ ತೆರೆದು, ಸೇವಂತಿಗೆ ಹಾರವನ್ನು ಎಳೆದು ನಿಂತರೆ ಪಕ್ಕದ ಅಂಗಡಿಯವರು ಬಗ್ಗಿ ಜಾಗ ಬಿಡಬೇಕಾಗುತ್ತಿತ್ತು.

ಸ್ತನ ಕ್ಯಾನ್ಸರಿನ ಆಪರೇಷನ್ ಆದಮೇಲೆ ಆ ಬಲಗೈ ಅರ್ಧಕ್ಕೇ ನಿಂತಿತು. ಗಾಯದ ಕಲೆ ಎದೆಗೂ ತೋಳಿಗೂ ನಡುವೆ ಬಿಗಿ ಹಗ್ಗ ಕಟ್ಟಿದ ಹಾಗೆ ಹಿಡಿಯುತ್ತಿತ್ತು. ಆದರೂ ಅವಳು ಅಂಗಡಿ ತೆರೆದಳು, ಹಾರ ಹಿಡಿದು ಕೈ ಚಾಚಿದಳು. ಅವಳ ಖಾಯಂ ಗಿರಾಕಿ, ಪೂಜಾ ಸಾಮಗ್ರಿ ಅಂಗಡಿಯ ಪ್ರೀತಮಣ್ಣ, ಏನೂ ಗೊತ್ತಿಲ್ಲದೆ ನಗುತ್ತಾ, "ಏನ್ ಇಂಚರಮ್ಮ, ಮಾರು ಚಿಕ್ಕದಾಗಿದೆಯಲ್ಲ" ಎಂದುಬಿಟ್ಟ. ಕಾಯಿಲೆಯ ಹೆಸರು ಹೇಳಿದ ದಿನವೂ ಅವಳು ಅಷ್ಟು ಅತ್ತಿರಲಿಲ್ಲ. ಅಂದಿನಿಂದ ಅವಳು ಮೊಳದ ಲೆಕ್ಕದ ಬಿಡಿ ವ್ಯಾಪಾರವಷ್ಟೇ ಇಟ್ಟುಕೊಂಡಳು. ಮಾರು ಕೇಳಿ ಬಂದವರನ್ನು ಪಕ್ಕದ ಅಂಗಡಿಗೆ ಕಳಿಸಿದಳು. ಟೇಪು ಇಟ್ಟುಕೊಳ್ಳಬಹುದಲ್ಲ ಎಂದು ರಂಗಧಾಮ ಕೇಳಿದ್ದಕ್ಕೆ ಅವಳು ಅವನ ಮುಖವನ್ನೇ ನೋಡಿದಳು. ಜನ ನನ್ನ ಹತ್ತಿರ ಬರೋದು ನನ್ನ ಕೈ ನಂಬಿ ಎಂದು ವಿವರಿಸಿ, ವರಮಹಾಲಕ್ಷ್ಮಿ ಹಬ್ಬದ ವ್ಯಾಪಾರಕ್ಕೆ ಒಂದು ಸಲ ಪೂರ್ತಿ ಮಾರು ಅಳೆಯುವ ಹಾಗಾದರೆ ಸಾಕು, ಆಗದಿದ್ದರೆ ಅಂಗಡಿ ಬಿಟ್ಟುಕೊಡುತ್ತೇನೆ ಎಂದಳು. ಸುಳ್ಳು ಮಾರು ಇಟ್ಟುಕೊಂಡು ಬದುಕುವ ಮನಸ್ಸು ಅವಳಿಗಿರಲಿಲ್ಲ.

ಹಂಚಂಗಿಯ ಮೇಲೆ ಇಷ್ಟು ಆಸೆಯಿಟ್ಟುಕೊಂಡು ಬಂದವಳು, ಅದನ್ನು ತೊಟ್ಟಮೇಲೆ ಮೊದಲಿಗಿಂತ ಕಡಿಮೆ ಕೈ ಎತ್ತತೊಡಗಿದಳು. ಅವಳೊಬ್ಬಳೇ ಅಲ್ಲ, ಕೇಂದ್ರಕ್ಕೆ ಬರುತ್ತಿದ್ದ ಎಲ್ಲರದೂ ಅದೇ ಕಥೆ. ತಮ್ಮ ನೋವಾಗಿದ್ದರೆ ಹಲ್ಲು ಕಚ್ಚಿ ನುಂಗುತ್ತಿದ್ದರು. ಅದು ಎದುರಿಗಿದ್ದ ಹುಡುಗಿಯ ಮುಖದಲ್ಲಿ ಕಾಣಿಸಿದ ಕೂಡಲೇ ಕೈ ಕಾಲು ತಾವಾಗಿ ನಿಂತುಬಿಡುತ್ತಿದ್ದವು. ಹೆಂಗಸರು ಭಾನುಮತಿಗೆಂದು ಶುಂಠಿ ಕಷಾಯ ಕಾಯಿಸಿಕೊಂಡು ಬಂದರು. ಒಬ್ಬ ನಿವೃತ್ತ ಮೇಷ್ಟ್ರು ಕೊಬ್ಬರಿ ಎಣ್ಣೆಯ ಬಾಟಲಿ ತಂದುಕೊಟ್ಟು, ಮಲಗುವಾಗ ಹಚ್ಚಿಕೋ ಮಗಳೇ, ನನ್ನ ಬೆನ್ನು ನಿನಗೆ ಬಹಳ ತೊಂದರೆ ಕೊಡುತ್ತಿದೆ ಎಂದರು. ಭಾನುಮತಿ ಎಷ್ಟು ನಗುಮುಖ ಹಾಕಿದರೂ ಯಾರೂ ನಂಬಲಿಲ್ಲ. ನೋವು ಮುಚ್ಚಿಡುವುದರಲ್ಲಿ ನುರಿತವರಿಗೆ ಇನ್ನೊಬ್ಬರು ಮುಚ್ಚಿಡುವುದು ಗೊತ್ತಾಗದೆ ಇರುತ್ತದೆಯೇ?

ತಿಂಗಳು ಕಳೆಯುವಷ್ಟರಲ್ಲಿ ಇಂಚರಮ್ಮನ ಕೈ ಇನ್ನಷ್ಟು ಕೆಳಗಿಳಿಯಿತು. ಹಬ್ಬ ಹತ್ತಿರ ಬರುತ್ತಿತ್ತು. ರಂಗಧಾಮ ತಲೆ ಮೇಲೆ ಕೈ ಹೊತ್ತು ಕೂತ. ನೋವನ್ನು ಅಳೆಯುವುದಕ್ಕೆ ಅವನ ಹತ್ತಿರ ಸೂತ್ರವಿತ್ತು, ದಾಕ್ಷಿಣ್ಯ ಅಳೆಯುವುದಕ್ಕೆ ಇರಲಿಲ್ಲ. ಕೊನೆಗೆ ಅವನು ತಪ್ಪೆಲ್ಲ ಭಾನುಮತಿಯ ಮುಖದ್ದು ಎಂದು ತೀರ್ಮಾನಿಸಿದ. ತನ್ನದು ಹೇಗೂ ಕಲ್ಲಿನಂಥ ಮುಖ, ಮದುವೆಯ ಫೋಟೋದಲ್ಲೂ ನಕ್ಕವನಲ್ಲ. ಪಡೆಯಂಗಿಯನ್ನು ತಾನೇ ತೊಟ್ಟು ಅಲ್ಲಾಡದೆ ಕೂತರೆ ಇಂಚರಮ್ಮನಿಗೆ ಸಂಕೋಚವಾಗುವುದಿಲ್ಲ ಎಂದುಕೊಂಡ.

ಇಲ್ಲೊಂದು ಸಣ್ಣ ವಿಷಯ ಹೇಳಲೇಬೇಕು. ಅಂಗಿಗಳು ಅದಲು ಬದಲಾಗಬಾರದೆಂದು ರಂಗಧಾಮ ಪಡೆಯಂಗಿಯ ಅಂಚಿಗೆ ಒಂದು ಹಳದಿ ಬೊಟ್ಟು ಹಾಕಿಸಿದ್ದ. ಕೊಡಂಗಿಗೆ ಏನೂ ಇಲ್ಲ. ಇದಕ್ಕಿಂತ ಸರಳ ಗುರುತು ಇನ್ನೇನು ಬೇಕು? ಆದರೆ ಇಂಚರಮ್ಮ ಜನ್ಮದಲ್ಲಿ ಅರಿಶಿನ ಮುಟ್ಟಿಸದೆ ಹೊಸಬಟ್ಟೆ ಮೈಗೆ ಹಾಕಿದವಳಲ್ಲ. ಕೊಡಂಗಿ ಕೈಗೆ ಬಂದ ಮೊದಲ ದಿನವೇ ಸೆರಗಿನ ಗಂಟಿನಿಂದ ಅರಿಶಿನ ತೆಗೆದು, ಬೆರಳು ಒದ್ದೆ ಮಾಡಿಕೊಂಡು, ಅಂಚಿಗೆ ಹಚ್ಚಿ, ದೇವರನ್ನು ನೆನೆದು ತೊಟ್ಟಿದ್ದಳು. ಭಾನುಮತಿ ತನ್ನ ಅಂಗಿಯನ್ನು ತನ್ನ ಗೂಟದಿಂದಲೇ ತೆಗೆದುಕೊಳ್ಳುತ್ತಿದ್ದುದರಿಂದ ಇದು ಯಾರ ಗಮನಕ್ಕೂ ಬಂದಿರಲಿಲ್ಲ.

ಅಂದು ಎರಡೂ ಅಂಗಿ ಒಗೆದು ಬಂದು ಮೇಜಿನ ಮೇಲೆ ಒಂದರ ಮೇಲೊಂದು ಬಿದ್ದಿದ್ದವು. ರಂಗಧಾಮ ಮೇಲಿನದರ ಅಂಚು ನೋಡಿದ, ಹಳದಿ ಬೊಟ್ಟು ಕಂಡಿತು, ತೊಟ್ಟುಕೊಂಡ. ಇಂಚರಮ್ಮ ಕೆಳಗಿನದರ ಅಂಚು ನೋಡಿದಳು, ಅಲ್ಲೂ ಹಳದಿ ಕಂಡಿತು, ತನ್ನ ಅರಿಶಿನವೇ ಎಂದುಕೊಂಡು ಅವಳೂ ತೊಟ್ಟುಕೊಂಡಳು. ಇಬ್ಬರಿಗೂ ಎಳ್ಳಷ್ಟೂ ಅನುಮಾನ ಬರಲಿಲ್ಲ. ರಂಗಧಾಮನ ಬಲಗೈಯಲ್ಲಿ ಕಾಫಿ ಲೋಟವಿತ್ತು. ಗೋಡೆಯ ಮೇಲಿನ ಗುಂಡಿ ತಿರುಗಿಸಿ ಪಾಲು ಎಷ್ಟೆಂದು ಗೊತ್ತುಮಾಡಲು ಅವನು ಎಡಗೈ ಎತ್ತಿದ.

ಇಂಚರಮ್ಮನ ಎಡ ಹೆಗಲಿನೊಳಗೆ ಮೊಳೆ ಹೊಡೆದಂತಾಯಿತು.

ಅವಳು ಹಾಗೇ ಕುರ್ಚಿಯ ಮೇಲೆ ಕುಸಿದಳು. ಎಡಗೈ ಅವಳ ಒಳ್ಳೆಯ ಕೈ. ಅಲ್ಲಿ ಇದುವರೆಗೆ ಒಂದು ಸಣ್ಣ ಸೆಳೆತವೂ ಇರಲಿಲ್ಲ. ಈ ಕಾಯಿಲೆ ಕಂಡು ಬಂದವರಿಗೆ ಮೈಯ ಯಾವ ಮೂಲೆಯಲ್ಲಿ ಹೊಸ ನೋವು ಬಂದರೂ ಮೊದಲು ಹೊಳೆಯುವುದು ಒಂದೇ. ತಿರುಗಿ ಬಂತೇ? ಈ ಕಡೆಗೂ ಬಂತೇ? ಅಂಗಡಿ, ಹಬ್ಬ, ಮಾರು ಎಲ್ಲ ಅವಳಿಗೆ ಒಂದು ಕ್ಷಣ ಮರೆತುಹೋಯಿತು. ಅಷ್ಟರಲ್ಲಿ ರಂಗಧಾಮ ಕೈ ಇಳಿಸಿದ, ನೋವು ನಿಂತಿತು. ಗುಂಡಿ ಸರಿಯಾಗಿ ಕೂರಲಿಲ್ಲವೆಂದು ಅವನು ಮತ್ತೆ ಕೈ ಎತ್ತಿದ, ನೋವು ಮತ್ತೆ ಬಂತು. ಮೂರನೇ ಸಲಕ್ಕೆ ಇಂಚರಮ್ಮ ತನ್ನ ಹೆಗಲನ್ನು ಬಿಟ್ಟು ಅವನ ಹೆಗಲನ್ನು ನೋಡತೊಡಗಿದಳು.

ಅವಳಿಗೆ ಮೊದಲು ಬಂದದ್ದು ಹೋದ ಜೀವ ಬಂದಂಥ ನೆಮ್ಮದಿ. ಅದರ ಬೆನ್ನಿಗೇ ಕೋಪ.

"ಸಾರ್, ನಿಮ್ಮ ಎಡ ಹೆಗಲು ಎಷ್ಟು ದಿನದಿಂದ ಹಿಂಗೈತೆ?"

ರಂಗಧಾಮ ಬೆಚ್ಚಿ, ಏನಿಲ್ಲವಲ್ಲ ಎಂದ. ಅವಳು ಬಿಡಲಿಲ್ಲ. ಅಷ್ಟೇನಿಲ್ಲ ಎಂದ. ಅವಳು ಇನ್ನೂ ದಿಟ್ಟಿಸಿ ನೋಡಿದಾಗ, ಪರವಾಗಿಲ್ಲ, ತಡೆಯಬಹುದು ಎಂದ. ಆಮೇಲೆ ತಾನೇ ಹೇಳಿದ ಮೂರು ಮಾತು ಅವನ ಕಿವಿಗೆ ಬಿದ್ದು ಕಾಫಿ ಲೋಟವನ್ನು ಕೆಳಗಿಟ್ಟ. ಎರಡು ವರ್ಷದಿಂದ ಅವನ ಎಡ ಹೆಗಲು ಹಿಡಿದುಕೊಂಡಿತ್ತು. ಹಗಲೆಲ್ಲ ಮೇಜಿಗೆ ಬಗ್ಗಿ ಕೂತು ಬೇರೆಯವರ ನೋವಿನ ನಕ್ಷೆ ಬಿಡಿಸುತ್ತಿದ್ದವನಿಗೆ ತನ್ನದನ್ನು ನೋಡಿಕೊಳ್ಳಲು ಪುರುಸೊತ್ತಿರಲಿಲ್ಲ. ಅಂಗಿಯ ತೋಳನ್ನು ಕೂಡ ಬಲಗೈಯಿಂದ ಎಳೆದು ಹಾಕಿಕೊಳ್ಳುತ್ತಿದ್ದ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನೋವಿನ ವಿಜ್ಞಾನಿಗೇ ಕೈ ಎತ್ತಲಾಗದು ಎಂದರೆ ಮರ್ಯಾದೆಯ ಪ್ರಶ್ನೆಯಲ್ಲವೆ?

ಅಂಗಿಗಳು ಅದಲು ಬದಲಾಗಿವೆ ಎಂದು ಹೊಳೆದು ಅವನು ಬಿಚ್ಚಿ ಬದಲಾಯಿಸಲು ಹೊರಟ. ಇಂಚರಮ್ಮ ತಡೆದಳು. ಇರಲಿ ಸಾರ್, ಮೊದಲು ಗೋಡೆ ಹತ್ತಿರ ಬನ್ನಿ ಎಂದಳು. ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತಾ ಕೈಯನ್ನು ನಿಧಾನಕ್ಕೆ ಮೇಲೇರಿಸುವ ವ್ಯಾಯಾಮವೊಂದಿದೆ. ಭಾನುಮತಿ ತಿಂಗಳಿಂದ ಅವಳಿಗೆ ಹೇಳಿಕೊಟ್ಟು ಸೋತಿದ್ದು ಅದನ್ನೇ. ಹಿಡಿದುಕೊಂಡ ಹೆಗಲಿಗೂ ಅದೇ ಮದ್ದು. ರಂಗಧಾಮ ಬೆರಳು ನಡೆಸಿದ, ಅರ್ಧಕ್ಕೆ ನಿಲ್ಲಿಸಿ ಇಷ್ಟೇ ಆಗೋದು ಎಂದ.

"ಸುಳ್ಳು ಹೇಳ್ಬೇಡಿ. ಇದು ದಾರ ಬಿಗಿಯೋ ನೋವು, ಬಿಗಿ ಹೆಚ್ಚಾಗಿ ಹೂವು ಕುಯ್ಯೋ ನೋವಲ್ಲ. ನನ್ನ ಹೆಗಲಿಗೇ ಗೊತ್ತಾಗ್ತೈತಲ್ಲ. ನಡೀಲಿ, ಮೇಲಕ್ಕೆ."

ಅವನಿಗೆ ಸರಿಯಾಗಿ ಬರಲಿಲ್ಲ. ಹೆಗಲನ್ನು ಕಿವಿಯವರೆಗೆ ಎತ್ತಿಕೊಂಡು ಕೈ ಏರಿಸುತ್ತಿದ್ದ. ಹಾಗಲ್ಲ ಹೀಗೆ ಎಂದು ಅವಳು ಪಕ್ಕದಲ್ಲಿ ನಿಂತು, ತನ್ನ ಬಲಗೈಯನ್ನು ಗೋಡೆಗೆ ಹಚ್ಚಿ ತೋರಿಸತೊಡಗಿದಳು. ಅವಳ ಗಮನವೆಲ್ಲ ಎಡ ಹೆಗಲಿಗೆ ಬರುತ್ತಿದ್ದ ಅವನ ನೋವಿನ ಮೇಲಿತ್ತು. ಅದು ಬಿಗಿಯಿತೇ, ಸಡಿಲಿತೇ, ಇನ್ನೊಂದು ಬೆರಳು ಏರಿಸಬಹುದೇ ಎಂದು ನೋಡುವುದರಲ್ಲಿ ಅವಳ ಬಲಗೈ ತಿಂಗಳಿಂದ ಮುಟ್ಟದ ಎತ್ತರಕ್ಕೆ ಹೋಗಿ ಬಂತು. ನೋವಾಗಲಿಲ್ಲ ಎಂದಲ್ಲ, ಆಯಿತು. ಆದರೆ ಅದು ಯಾರಿಗೂ ಹೋಗುತ್ತಿರಲಿಲ್ಲ, ಯಾರೂ ಅಯ್ಯೋ ಎನ್ನುತ್ತಿರಲಿಲ್ಲ. ಜತೆಗೆ ಕಲಿಸಿಕೊಡಬೇಕಾದ ಒಬ್ಬ ದಡ್ಡ ಶಿಷ್ಯ ಬೇರೆ ಸಿಕ್ಕಿದ್ದ.

ಇನ್ನೇನು ಮುಗಿಯಿತೆಂದು ರಂಗಧಾಮ ಕೈ ಇಳಿಸಿದಾಗ ಅವಳು ಕಣ್ಣು ಬಿಟ್ಟಳು. "ಕೊಸರು ಎಲ್ಲಿ? ಇನ್ನೊಂದು ಸಲ."

ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ ಭಾನುಮತಿ ಇಬ್ಬರ ಅಂಗಿಯ ಅಂಚನ್ನೂ ಪರೀಕ್ಷಿಸಿ, ಅರಿಶಿನವನ್ನು ಮೂಸಿ ನೋಡಿ ಖಚಿತಪಡಿಸಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ರಂಗಧಾಮನನ್ನು ಪಕ್ಕಕ್ಕೆ ಕರೆದು, ದಯವಿಟ್ಟು ಈ ತಪ್ಪನ್ನು ಸರಿಮಾಡಬೇಡಿ ಎಂದಳು. ಅವನೂ ಮಾಡಲಿಲ್ಲ. ಪ್ರತಿದಿನ ಬೆಳಗ್ಗೆ ಕೊಡಂಗಿ ತೊಟ್ಟು ಗೋಡೆಯ ಮುಂದೆ ಹಾಜರಾದ. ಪ್ರತಿದಿನವೂ ಇಂಚರಮ್ಮ ಅವನನ್ನು ಬೈದು, ತೋರಿಸಿಕೊಟ್ಟು, ಕೊಸರು ವಸೂಲಿ ಮಾಡಿದಳು. ಒಂದು ದಿನ ಅವನು ತಪ್ಪಿಸಿಕೊಂಡಿದ್ದಕ್ಕೆ ಮಾರನೆಯ ದಿನ ಅಂಗಿ ತೊಟ್ಟ ಕೂಡಲೇ ಅವಳಿಗೆ ಗೊತ್ತಾಗಿ, ಅವನ ಹೆಂಡತಿಗೇ ಫೋನು ಮಾಡಿದಳು. ಹೆಗಲಿನ ವಿಷಯ ಮನೆಯವರಿಗೂ ತಿಳಿದದ್ದು ಹಾಗೆ.

ಇದನ್ನು ನೋಡಿ ರಂಗಧಾಮ ಉಳಿದವರಿಗೂ ಅದೇ ಉಪಾಯ ಹೂಡಿದ. ರೋಗಿಗಳಿಗೆಲ್ಲ ಪಡೆಯಂಗಿ. ಕೊಡಂಗಿ ತೊಡಲು ಜನ ಬೇಕಲ್ಲ ಎಂದು ಹುಡುಕಿದರೆ ಕೇಂದ್ರದ ಕಚೇರಿಯೇ ಸಾಲಾಗಿ ನಿಂತಿತು. ಗುಮಾಸ್ತರ ಸೊಂಟ, ಮ್ಯಾನೇಜರರ ಕುತ್ತಿಗೆ, ಸ್ವತಃ ನಿರ್ದೇಶಕರ ಮಂಡಿ, ಎಲ್ಲವೂ ವರ್ಷಗಳಿಂದ ಪರವಾಗಿಲ್ಲ ಎನ್ನುತ್ತಾ ಕೂತಿದ್ದವೇ. ಕಚೇರಿಯವರಿಗೆ ತಮ್ಮ ತಲೆನೋವನ್ನು ಬೇರೆಯವರಿಗೆ ವರ್ಗಾಯಿಸುವುದು ಹೊಸದೇನೂ ಅಲ್ಲವಾದ್ದರಿಂದ ಅವರಿಗೆ ಕಿಂಚಿತ್ತೂ ಸಂಕೋಚವಾಗಲಿಲ್ಲ. ನಿವೃತ್ತ ಮೇಷ್ಟ್ರ ಕೈಗೆ ನಿರ್ದೇಶಕರೇ ಸಿಕ್ಕರು. ಮೇಷ್ಟ್ರು ಬಹಳ ದಿನಗಳ ಮೇಲೆ ಗಂಟಲೆತ್ತಿ ಪಾಠ ಮಾಡಿದರು, ತಾವೂ ಬಗ್ಗಿ ಎದ್ದು ತೋರಿಸಿದರು. ಅವರ ಬೆನ್ನು ದಿನೇ ದಿನೇ ನೆಟ್ಟಗಾಯಿತು.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ರಂಗಧಾಮ ಹೂವಿನ ಮಾರುಕಟ್ಟೆಗೆ ಹೋದ. ಕಾಲಿಡಲು ಜಾಗವಿರಲಿಲ್ಲ. ಇಂಚರಮ್ಮನ ಮುಂದೆ ಸೇವಂತಿಗೆಯ ಹಾರ ಹಾವಿನ ಹಾಗೆ ಸುರುಳಿ ಸುತ್ತಿಕೊಂಡು ಬುಟ್ಟಿ ತುಂಬ ಬಿದ್ದಿತ್ತು. ಅವಳು ಇನ್ನೂ ಮೊಳದಲ್ಲೇ ಅಳೆಯುತ್ತಿದ್ದುದನ್ನು ಕಂಡು ಅವನು ಅಲ್ಲೇ ನಿಂತ. ಗೋಡೆಯ ಮುಂದೆ ಏರಿದ ಕೈ ಮಾರುಕಟ್ಟೆಯ ನಡುವೆ ಏರುತ್ತದೆಂದು ಯಾವ ನಕ್ಷೆಯೂ ಹೇಳಿರಲಿಲ್ಲ. ಅವನಿಗಿಂತ ಮುಂದೆ ಪ್ರೀತಮಣ್ಣ ನಿಂತಿದ್ದ. ಅಂದು ಮಾರು ಚಿಕ್ಕದಾಗಿದ್ದ ಕಾರಣ ಆಮೇಲೆ ಯಾರಿಂದಲೋ ತಿಳಿದು ಅವನು ಈ ಕಡೆ ತಲೆ ಹಾಕಿರಲಿಲ್ಲ. ಇವತ್ತು ಚೀಲ ಹಿಡಿದು, ಮುಖ ಸಣ್ಣದು ಮಾಡಿಕೊಂಡು, ಹತ್ತು ಮೊಳ ಕೊಡಮ್ಮ ಸಾಕು ಎಂದ.

"ಹತ್ತು ಮೊಳ ಯಾಕಣ್ಣ," ಎಂದು ಇಂಚರಮ್ಮ ಎದ್ದು ನಿಂತಳು. "ಮಾರಲ್ಲೇ ತಗೋ."

ಅವಳು ಹಾರದ ತುದಿಯನ್ನು ಎಡಗೈ ಬೆರಳಲ್ಲಿ ಹಿಡಿದು ಚಾಚಿದಳು. ಬಲಗೈಯಲ್ಲಿ ಹಾರವನ್ನು ಎಳೆಯುತ್ತಾ ಪಕ್ಕಕ್ಕೆ ತೆರೆದಳು. ಕೈ ಅರ್ಧ ದಾಟಿತು, ಹೆಗಲಿನ ಮಟ್ಟಕ್ಕೆ ಬಂತು, ಅಲ್ಲಿ ಒಂದು ಚಣ ತಡೆಯಿತು. ರಂಗಧಾಮನ ಮೈಮೇಲೆ ಯಾವ ಅಂಗಿಯೂ ಇರಲಿಲ್ಲ, ಮನೆಯಿಂದ ತೊಟ್ಟು ಬಂದ ಹತ್ತಿಯ ಶರ್ಟು ಬಿಟ್ಟರೆ. ಆದರೂ ಅವನ ಕಂಕುಳ ಬಿಗಿಯಿತು. ಮತ್ತೆ ಕೈ ಅಗಲಕ್ಕೆ ಹೋಯಿತು, ಎದೆ ತೆರೆಯಿತು, ಬೆರಳು ನೆಟ್ಟಗಾದವು. ಪಕ್ಕದ ಅಂಗಡಿಯವಳು ಹಳೆಯ ಅಭ್ಯಾಸದಂತೆ ತಲೆ ಬಗ್ಗಿಸಿ ಜಾಗ ಬಿಟ್ಟಳು.

ಪೂರ್ತಿ ಮಾರು. ಪ್ರೀತಮಣ್ಣ ಕಣ್ಣೊರೆಸಿಕೊಂಡು ಚೀಲ ಒಡ್ಡಿದ. ಅವಳು ಅಳೆದು ಹಾಕಿ, ಮೇಲೆ ಕೈತುಂಬ ಕೊಸರು ಹಾಕಿ ಕಳಿಸಿದಳು. ಆಮೇಲೆ ಬುಟ್ಟಿಯ ಅಂಚಿಗೆ ಒರಗಿಕೊಂಡು ಸುಧಾರಿಸಿಕೊಂಡಳು. ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು.

ರಂಗಧಾಮ ಹತ್ತಿರ ಹೋಗಿ, ನೋವಿದೆಯಾ ಎಂದು ಕೇಳಿದ. ಅಂಗಿ ಕಂಡುಹಿಡಿದ ಮೇಲೆ ಅವನು ಯಾರನ್ನೂ ಈ ಪ್ರಶ್ನೆ ಕೇಳಿರಲಿಲ್ಲ, ಉತ್ತರ ಏನು ಬರುತ್ತದೆಂದು ಅವನಿಗೆ ಗೊತ್ತಿತ್ತು.

ಇಂಚರಮ್ಮ ಬಲಗೈಯನ್ನು ಒಮ್ಮೆ ಆಡಿಸಿ ನೋಡಿದಳು. "ಐತೆ ಸಾರ್," ಎಂದಳು. "ಮೊದಲು ಹದಿನಾರಾಣೆ ಇತ್ತು. ಈಗ ನಾಲ್ಕಾಣೆ ಐತೆ. ಅಷ್ಟರ ಜತೆ ಬಾಳ್ವೆ ಮಾಡ್ತೀನಿ."

ಅವನು ಜೋಡಿ ಅಂಗಿ, ನರದ ಎಳೆ, ಪಾಲಿನ ಗುಂಡಿ, ಇಷ್ಟೆಲ್ಲ ಯಾತಕ್ಕಾಗಿ ಮಾಡಿದ್ದನೋ ಆ ಉತ್ತರ ಬರೀ ಬಾಯಿಮಾತಿನಲ್ಲಿ, ಬುಟ್ಟಿ ಹೂವಿನ ಪಕ್ಕದಲ್ಲಿ ಬಂದಿತ್ತು.

"ನಿಮ್ಮದು?" ಎಂದು ಅವಳು ಕೇಳಿದಳು.

ಏನಿಲ್ಲ ಎನ್ನಲು ಬಾಯಿ ತೆರೆದವನು ತಡೆದುಕೊಂಡ. "ಬೆಳಗ್ಗೆ ಏಳುವಾಗ ಎರಡಾಣೆ ಇತ್ತಮ್ಮ," ಎಂದ.

"ಹಂಗಾದ್ರೆ ಎತ್ತಿ ನೋಡೋಣ."

ಹಬ್ಬದ ಜನ ನೋಡುತ್ತಿರುವಂತೆಯೇ, ತುಂಬಿದ ಮಾರುಕಟ್ಟೆಯ ನಡುವೆ ಡಾಕ್ಟರ್ ರಂಗಧಾಮ ಎರಡೂ ಕೈ ಮೇಲೆತ್ತಿದ. ಇಳಿಸಿದ. ಹಿಂದೆ ನಿಂತಿದ್ದ ಗಿರಾಕಿಗಳು ಬೇಗ ಆಗಲಿ ಎಂದು ಗೊಣಗಿದರು. ಅವನು ಅವರ ಕಡೆ ನೋಡದೆ, ಯಾರೂ ಕೇಳದಿದ್ದರೂ, ಕೊಸರಿಗೆಂದು ಇನ್ನೊಂದು ಸಲ ಎತ್ತಿದ.